ಅಂಗಳದಲ್ಲಿ ಕಣ್ಣು ಬಿಟ್ಟ ಕಾರು

"ಸತ್ತವರ ಕಾರು ತನ್ನಷ್ಟಕ್ಕ ತಾನ ದೀಪ ಹಚ್ಚಿಕೊಳ್ಳತದೇನ್ರಿ?"

ಮಂಜರಿ ಹೀಗೆ ಕೇಳಿದಾಗ ವಿದ್ಯಾವತಿ ಅಕ್ಕ ಚಹಾದ ಕಪ್ಪನ್ನು ಕೆಳಗಿಟ್ಟರು. ಮಂಜರಿಯ ಗಂಡ ಶ್ರೀವಲ್ಲಭ ನಮ್ಮ ಇಂಡಿ ಊರಿನ ದನದ ಡಾಕ್ಟರು. ಹಿಂದಿನ ವಾರ ಹೊರ್ತಿಯ ರಸ್ತೆಯಲ್ಲಿ, ಪಂಕ್ಚರ್ ಆಗಿ ನಿಂತಿದ್ದ ಕಬ್ಬಿನ ಟ್ರೇಲರಿಗೆ ಅವರ ಕಾರು ಗುದ್ದಿತ್ತು. ಊರಿನ ಅರ್ಧ ಜನ ಮಣ್ಣಿಗೆ ಹೋಗಿದ್ದರು.

"ಪೊಲೀಸರು ಕಾರು ಬಿಟ್ಟು ಕೊಟ್ಟಾರ, ಅಂಗಳದಾಗ ನಿಂತದ," ಎಂದಳು ಮಂಜರಿ. "ದಿನಾ ಕತ್ತಲಾಗೋದರಾಗ ಉಳಿದ ಒಂದು ದೀಪ ಹತ್ತತದ. ಯಾರೂ ಮುಟ್ಟಿರೂದಿಲ್ಲ. ನೆಟ್ಟಗ ನಮ್ಮ ಕಿಡಕಿಗೇ ಬೆಳಕು. ಅತ್ತಿಯವರು ಹೊರಗ ಹೋಗಿ ಅದರ ಮುಂದ ಕೂತು, 'ವಲ್ಲಭಾ, ಬಂದ್ಯಾ? ಊಟಾ ಮಾಡ್ತೀ?' ಅಂತ ಕೇಳ್ತಾರ. ನಾ ಬಾಗಲಾ ಹಾಕ್ಕೊಂಡು ಕೂಡ್ತೀನಿ. ನನ್ನ ಗಂಡನ ಬೆಳಕಿಗೆ ನಾನ ಅಂಜಲಿಕತ್ತೀನ್ರಿ."

ವಿದ್ಯಾಕ್ಕ ಅವಳ ಕೈ ಹಿಡಿದುಕೊಂಡು, "ಬಾ, ನೋಡೂಣು," ಎಂದಷ್ಟೇ ಹೇಳಿದರು.

ವಿದ್ಯಾಕ್ಕನ ಬಗ್ಗೆ ಹೇಳಬೇಕು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ಸೀಮೆಯಲ್ಲಿ ಎಲ್ಲಿ ವಾಹನ ಗುದ್ದಿಕೊಂಡರೂ ವಿಮೆಗಾಗಿ ಅದನ್ನು ಪರೀಕ್ಷಿಸಿ ವರದಿ ಕೊಡುವವರು ಅವರು. ಇಂಡಿ ಬಸ್ ಸ್ಟ್ಯಾಂಡಿನ ಎದುರು ನನ್ನ ಫೋಟೊ ಸ್ಟುಡಿಯೋ. ಜಜ್ಜಿದ ವಾಹನಗಳ ಫೋಟೊ ತೆಗೆಯಲು ಅವರ ಜೊತೆ ಹೋಗಿ ಹೋಗಿ, ಈಗ "ಜಯಮಾಲಾ, ಏಳು" ಎಂದರೆ ಸಾಕು, ನಾನು ಶಟರ್ ಎಳೆದು ಹೊರಟುಬಿಡುತ್ತೇನೆ. ಅಪಘಾತವೆಂದು ಮುಚ್ಚಿಹೋಗಬೇಕಾಗಿದ್ದ ಎಷ್ಟೋ ಪ್ರಕರಣಗಳನ್ನು ಅವರು ಒಂದು ಮುರಿದ ಬೋಲ್ಟು ನೋಡಿ ಬಿಚ್ಚಿದ್ದಾರೆ. ಅದಕ್ಕೇ ಪೊಲೀಸರೂ ಅವರ ಮಾತನ್ನು ತಳ್ಳಿಹಾಕುವುದಿಲ್ಲ.

ನಾವು ಹೋದಾಗ ಬಿಸಿಲು ಇಳಿಯುತ್ತಿತ್ತು. ದೊಡ್ಡ ಹಳೆಯ ಮನೆ. ಕಲ್ಲು ಹಾಸಿದ ಅಂಗಳದ ನಡುವೆ ಆ ಬಿಳಿ ಕಾರು. ಎಡಭಾಗ ಪೂರಾ ಒಳಗೆ ಹೋಗಿತ್ತು. ಬಲಭಾಗ ಮಾತ್ರ ಏನೂ ಆಗದಂತೆ ಉಳಿದಿತ್ತು. ಎರಡೂ ದೀಪಗಳನ್ನು ಡಾಕ್ಟರು ಕೈಯಾರೆ ಮಾಡಿದ್ದರಂತೆ. ಅಲ್ಯುಮಿನಿಯಂ ತಗಡಿನ ಮೇಲೆ ಸಾಲಾಗಿ ಕೂರಿಸಿದ ಸಣ್ಣ ಎಲ್‌ಇಡಿಗಳು, ಅಂದವಾಗಿ ಬೆಸುಗೆ ಹಾಕಿದ ತಂತಿಗಳು. ಹಳೆಯ ಕಾರಿನ ಮಂದ ಬೆಳಕಿನಲ್ಲಿ ಹಳ್ಳಿಯ ಕೊಟ್ಟಿಗೆಗಳಿಗೆ ಹೋಗಿ ಆಕಳ ಹೆರಿಗೆ ಮಾಡಿಸುವುದು ಕಷ್ಟವೆಂದು ಶುರುಮಾಡಿದ ಕೆಲಸ. ಟಿವಿ ರಿಪೇರಿ ಅಂಗಡಿಯ ಗೆಳೆಯ ಅಮಿತ ಇದನ್ನು ಕಲಿಸಿಕೊಟ್ಟಿದ್ದ. ಈಗ ಊರೆಲ್ಲ "ಆ ಮನಿಯಾಗ ಮಾಡಿದ ವೈರಿಂಗೇ ಡಾಕ್ಟರನ್ನು ಕೊಂದಿತು" ಎನ್ನುತ್ತಿತ್ತು. ಅಮಿತ ಅಂಗಡಿ ತೆರೆಯುವುದನ್ನೇ ಬಿಟ್ಟಿದ್ದ.

ಡಾಕ್ಟರ ಅಣ್ಣ ಪಂಢರಿನಾಥ ಹೊರಗೆ ಬಂದರು. ಹೊರ್ತಿಯ ಹತ್ತಿರ ಅವರ ನಿಂಬೆಯ ತೋಟ. ಮೆತ್ತಗಿನ ಮನುಷ್ಯ. ಅತ್ತು ಅತ್ತು ಕಣ್ಣು ಊದಿದ್ದವು.

"ಗುಜರಿಗೆ ಕೊಡೂಣು ಅಂದ್ರ ಆಯಿ ಬಿಡವಲ್ಲಳು," ಎಂದರು, ಒಳಗಿದ್ದ ತಾಯಿಯ ಕಡೆ ನೋಡಿ. "ಈ ಹುಡುಗಿ ಅಂಜಿ ಸಾಯ್ಲಿಕತ್ತಾಳ. ದಿನಾ ತಣ್ಣಗಾದ ಕೂಡಲೇ ಹತ್ತತದ. ನೋಡಿದ್ರ ಎದಿ ಝಲ್ ಅಂತದ."

ವಿದ್ಯಾಕ್ಕ ಕಾರಿನೊಳಗೆ ಬಗ್ಗಿದರು. ಸ್ಟೀರಿಂಗಿನ ಕೆಳಗೆ ಡಾಕ್ಟರೇ ಕೂರಿಸಿದ ಸಣ್ಣ ಸ್ವಿಚ್ಚು ಇತ್ತು. ಅದು ಚಾಲೂ ಸ್ಥಿತಿಯಲ್ಲೇ ಇತ್ತು. "ಯಾರೂ ಬಂದ್ ಮಾಡಿಲ್ಲ," ಎಂದರು ಮೆಲ್ಲಗೆ. ಆಮೇಲೆ ಬಾನೆಟ್ ಎತ್ತಿಸಿ, ಬ್ಯಾಟರಿಯಿಂದ ತಂತಿ ಹಿಡಿದು ಕಣ್ಣಿನಲ್ಲೇ ಹಿಂಬಾಲಿಸುತ್ತ ಎಂಜಿನ್ನಿನ ಪಕ್ಕದ ಒಂದು ಬೋಲ್ಟಿನ ಹತ್ತಿರ ನಿಂತರು. "ಇದರದು ಹತ್ತಿರದಿಂದ ತಗಿ. ಕೈ ಹಚ್ಚಬ್ಯಾಡ."

ಎರಡೂ ದೀಪಗಳ ಅರ್ಥಿಂಗ್ ತಂತಿ ಅಲ್ಲಿಗೆ ಬಂದು ಮುಗಿದಿತ್ತು. ತಂತಿಯ ತುದಿಯ ತಾಮ್ರದ ಬಳೆಯ ಕೆಳಗೆ ಕಪ್ಪನೆಯ ದಪ್ಪ ರಬ್ಬರಿನ ವಾಸರ್ ಒಂದು ಕಂಡಿತು. ಬೋಲ್ಟಿನ ಕುತ್ತಿಗೆಗೆ ಟೇಪು ಸುತ್ತಿತ್ತು. ಸುತ್ತ ಬಣ್ಣ ಕೆರೆದ ಕಬ್ಬಿಣ ಹೊಳೆಯುತ್ತಿತ್ತು.

ನಾನು ಕ್ಯಾಮೆರಾಕ್ಕೆ ಕಣ್ಣು ಹಚ್ಚಿದ್ದೆ. ಅಂಗಳದಲ್ಲಿ ನೆರಳು ತುಂಬಿತ್ತು, ಕಲ್ಲು ಆರುತ್ತಿತ್ತು. ಏನೋ ಸಣ್ಣದಾಗಿ ಚಿಟ್ ಎಂದಿತು. ಎದುರಿನ ಗೋಡೆ ಬೆಳ್ಳಗಾಯಿತು.

ಕಾರು ಕಣ್ಣು ಬಿಟ್ಟಿತ್ತು.

ಒಳಗೆ ಮಂಜರಿ ಕಿಡಕಿ ಮುಚ್ಚಿದ ಸದ್ದು ಕೇಳಿತು. ಡಾಕ್ಟರ ಮುದಿ ತಾಯಿ ತುಳಸೀಬಾಯಿ ಪಡಸಾಲೆಯಿಂದ ಇಳಿದು ಬಂದು, ಆ ಬೆಳಕಿನಲ್ಲಿ ಕುಕ್ಕರಗಾಲಿನಲ್ಲಿ ಕೂತು, "ಇವತ್ತ ಲಗೂ ಬಂದಿ ನೋಡು, ವಲ್ಲಭಾ," ಎಂದರು.

ವಿದ್ಯಾಕ್ಕ ಮಾತ್ರ ಆ ದೀಪವನ್ನೇ ನೋಡುತ್ತಿದ್ದರು. "ದೆವ್ವಕ್ಕ ನಾ ಅಂಜೂದಿಲ್ಲ ಜಯಮಾಲಾ," ಎಂದರು ವಾಪಸು ಬರುವಾಗ. "ಈ ಮನಿಯಾಗ ಬದುಕಿರೋ ಒಬ್ಬರಿಗೆ ಅಂಜಾಕತ್ತೇನಿ."

ಮರುದಿನ ಬೆಳಿಗ್ಗೆ ಅಮಿತನ ಮನೆಗೆ ಹೋದೆವು. ಬಾಗಿಲ ಸಂದಿಯಿಂದ ಇಣುಕಿ ನೋಡಿ ಒಳಗೆ ಕರೆದ. ಅಪಘಾತದ ದಿನ ಬೆಳಿಗ್ಗೆ ಅವನು ಆ ಕಾರಿನ ಬಾನೆಟ್ ಎತ್ತಿದ್ದನ್ನು ಓಣಿಯವರು ಕಂಡಿದ್ದರು. ಅದೇ ಅವನ ಭಯ.

"ಹಾರ್ನ್ ವೈರ್ ಬಿಚ್ಚಿತ್ರಿ, ಅದನ್ನ ಹಚ್ಚಿ ಬಂದೆ," ಎಂದ. "ದೀಪದ ಅರ್ಥಿಂಗ್ ನಾವಿಬ್ಬರೂ ಕೂಡೇ ಹಾಕಿದ್ದು. ಬಣ್ಣ ಕೆರೆದು, ಬರೇ ಕಬ್ಬಿಣದ ಮ್ಯಾಲೆ ತಾಮ್ರದ ಬಳಿ ಇಟ್ಟು ಬಿಗಿದೀವಿ. ನಡುವ ಏನೂ ಇಡಂಗಿಲ್ರಿ. ಡಾಕ್ಟರು ಭಾಳ ಹುಷಾರಿ ಮನುಷ್ಯಾ. ಅಂಗಳದಾಗ ದೀಪ ಹಚ್ಚಿ ನೋಡದ ಗೇಟು ದಾಟ್ತಿರಲಿಲ್ಲ. ಇದು ಅವರ ಮನಿ ಮಂದಿಗೆಲ್ಲಾ ಗೊತ್ತೈತಿ."

ಅಲ್ಲಿಂದ ಟ್ರ್ಯಾಕ್ಟರ್ ಚಾಲಕ ರಾವಸಾಬನನ್ನು ಹುಡುಕಿದೆವು. ಟ್ರೇಲರಿಗೆ ಕೆಂಪು ದೀಪವಿಲ್ಲದೆ ನಿಲ್ಲಿಸಿದ್ದಕ್ಕೆ ಅವನ ಮೇಲೆ ಕೇಸಾಗಿತ್ತು.

"ನನ್ನ ತಪ್ಪು ಐತ್ರಿ, ಇಲ್ಲ ಅನ್ನಂಗಿಲ್ಲ," ಎಂದ ಅವನು. "ಆದ್ರ ಒಂದು ಮಾತು ಯಾರೂ ನಂಬವಲ್ರು. ದೂರದಿಂದ ಕಾರು ಬರಾಕತ್ತಿತ್ತು, ಬೆಳ್ಳನ್ನ ಬೆಳಕಿತ್ತು. ನಾ ನೋಡತಿದ್ದಂಗ ಬೆಳಕು ಉಫ್ ಅಂತ ಊದಿದಂಗ ಆರಿತು. ನಾ ಒದರೂದರಾಗ..." ಅವನು ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡ.

"ಡಾಕ್ಟರು ಅವತ್ತು ಸಂಜೀಕ ಹೊರ್ತಿ ಕಡೆ ಯಾಕ ಹೊಂಟಿದ್ರು?" ಎಂದು ವಿದ್ಯಾಕ್ಕ ಮಂಜರಿಗೆ ಫೋನಿನಲ್ಲಿ ಕೇಳಿದರು. ಗುಂಡವ್ವ ಎಂಬ ಕುರಿ ಕಾಯುವವಳ ಮನೆಗೆ ಎಂದಳು ಮಂಜರಿ. ಆ ಮಧ್ಯಾಹ್ನ ಅಣ್ಣ ತಮ್ಮ ಇಬ್ಬರೂ ಮಾಳಿಗೆಯ ಮೇಲೆ ಬಹಳ ಹೊತ್ತು ಮಾತಾಡಿದ್ದರು, ಗಂಡ ಊಟಕ್ಕೂ ಕೂರಲಿಲ್ಲ ಎಂದೂ ಹೇಳಿದಳು.

ಗುಂಡವ್ವನ ಗುಡಿಸಲು ಪಂಢರಿನಾಥರ ತೋಟದ ಆಚೆ ಬದಿಗಿತ್ತು. ಕರೆಂಟು ಬಿಟ್ಟ ತಂತಿಗೆ ಕಟ್ಟುವಂತೆ ತೋಟದ ಬೇಲಿಯ ಗೂಟಗಳಿಗೆ ಸೈಕಲ್ ಟ್ಯೂಬಿನ ತುಂಡುಗಳನ್ನು ಕಟ್ಟಿದ್ದರು, ಆದರೆ ತಂತಿ ಇರಲಿಲ್ಲ. ಗೂಟಗಳ ಸಾಲಿನ ಬುಡದಲ್ಲಿ ಹುಲ್ಲು ಗೆರೆ ಎಳೆದಂತೆ ಸುಟ್ಟಿತ್ತು. ನಾನು ಅಲ್ಲಿ ಕಾಲಿಡಲು ಹಿಂಜರಿದೆ. ತಂತಿ ಇಲ್ಲವೆಂದು ಕಣ್ಣಿಗೆ ಕಂಡರೂ ಮೈ ನಂಬಲಿಲ್ಲ. ಗಿಡಗಳ ಬುಡಕ್ಕೆ ಡ್ರಿಪ್ ಪೈಪು ಎಳೆದಿದ್ದರು. ದೊಡ್ಡ ಪೈಪಿಗೆ ಸಣ್ಣ ಪೈಪು ಕೂಡುವಲ್ಲೆಲ್ಲ ನೀರು ಸೋರದಂತೆ ಕಪ್ಪು ರಬ್ಬರಿನ ವಾಸರ್. ವಿದ್ಯಾಕ್ಕ ಬಗ್ಗಿ ಒಂದನ್ನು ನೋಡಿ ಮುಂದೆ ನಡೆದರು.

ಗುಂಡವ್ವ ಕುರಿಹಟ್ಟಿಯ ಮುಂದೆ ಕೂತಿದ್ದಳು. ಹಣೆ ಬರಿದಾಗಿತ್ತು.

"ನನ್ನ ಗಂಡಗ ಹಾವು ಕಚ್ಚೇತಿ ಅಂದ್ರು, ಮಣ್ಣು ಮಾಡಿದ್ವಿ," ಎಂದಳು. "ಅದ ಜಾಗಾದಾಗ ಎರಡು ಆಡೂ ಸತ್ತು ಬಿದ್ದಿದ್ವು. ಉಳಿದವಕ್ಕೂ ಏನರ ರೋಗ ಐತೇನು ಅಂತ ಡಾಕ್ಟರನ್ನ ಕರಸಿದೆ. ಅವರು ಆಡಿನ ಬಾಯಿ ತಗದು ನೋಡಿದ್ರು. ಸುಟ್ಟಿತ್ತು. 'ಸಂಜೀಕ ಬರ್ತೀನಿ, ಪೊಲೀಸರ ಕಡೆ ಹೋಗೂಣು, ತಯಾರಾಗಿರು' ಅಂದ್ರು. ನಾ ಸೀರಿ ಉಟ್ಟು ರಸ್ತಾದಾಗ ನಿಂತೇ ಇದ್ದೆ. ಬರಲಿಲ್ಲ."

ಅದೇ ಸಂಜೆ ವಿದ್ಯಾಕ್ಕ ಎಲ್ಲರನ್ನೂ ಡಾಕ್ಟರ ಅಂಗಳಕ್ಕೆ ಕರೆಸಿದರು. ತುಳಸೀಬಾಯಿ ಪಡಸಾಲೆಯಲ್ಲಿದ್ದರು, ಅವರ ಪಕ್ಕ ಮಂಜರಿ. ಪಂಢರಿನಾಥ ಕಂಬಕ್ಕೆ ಒರಗಿ ನಿಂತಿದ್ದರು. ಅಮಿತ, ರಾವಸಾಬ ಗೋಡೆಯ ಹತ್ತಿರ ನಿಂತರು. ಗುಂಡವ್ವ ಹೊಸ್ತಿಲ ಹೊರಗೇ ನಿಂತಳು. ಪಿಎಸ್‌ಐ ಅರುಣಕುಮಾರ ಕುರ್ಚಿಯ ಮೇಲೆ ಕೂತಿದ್ದರು. ಬಿಸಿಲು ಗೋಡೆಯಿಂದ ಜಾರಿತು. ಎಲ್ಲರ ಕಣ್ಣೂ ಆ ಕಾರಿನ ಮೇಲೆ.

ಚಿಟ್. ದೀಪ ಹತ್ತಿತು.

ಗುಂಡವ್ವ ಗಕ್ಕನೆ ಹಿಂದೆ ಸರಿದಳು. ಪಿಎಸ್‌ಐ ಅವರ ಕೈ ಕೂಡ ಕುರ್ಚಿಯ ತೋಳನ್ನು ಬಿಗಿಯಾಗಿ ಹಿಡಿದಿದ್ದನ್ನು ಕಂಡೆ.

"ಅಂಜಬ್ಯಾಡ್ರಿ," ಎಂದರು ವಿದ್ಯಾಕ್ಕ. "ಈ ದೀಪ ಚಾಲೂ ಮಾಡಿದವರು ಡಾಕ್ಟರೇ, ಆದ್ರ ಇವತ್ತಲ್ಲ. ಅಪಘಾತದ ಸಂಜೆ. ಅವತ್ತು ಹಾಕಿದ ಸ್ವಿಚ್ಚು ಹಂಗ ಐತಿ. ಎಲ್‌ಇಡಿ ಕುಡಿಯೂ ಕರೆಂಟು ಭಾಳ ಕಡಿಮಿ, ಬ್ಯಾಟರಿ ಇನ್ನೂ ಜೀವ ಹಿಡದೈತಿ. ಹಂಗಾದ್ರ ಹಗಲೆಲ್ಲಾ ಯಾಕ ಹತ್ತೂದಿಲ್ಲ?"

ನನ್ನ ಸ್ಟುಡಿಯೋದಲ್ಲಿ ಮದುಮಕ್ಕಳ ಕೂದಲು ಒಣಗಿಸುವ ಡ್ರೈಯರನ್ನು ತರಲು ಅವರು ಮೊದಲೇ ಹೇಳಿದ್ದರು. ಅದನ್ನು ಆ ಬೋಲ್ಟಿಗೆ ಹಿಡಿದರು. ಬಿಸಿಗಾಳಿ ಬೀಸತೊಡಗಿತು. ಸ್ವಲ್ಪ ಹೊತ್ತಿನಲ್ಲಿ ದೀಪ ಒಮ್ಮೆ ಮಿಟುಕಿ ಆರಿಹೋಯಿತು.

"ನಾ ಹಿಂಗ ಆರಿತು ಅಂದಿದ್ದು," ಎಂದ ರಾವಸಾಬ, ಮುಂದೆ ಬಂದು.

"ಹೌದು. ನೀ ಖರೇನ ಹೇಳಿದ್ದಿ." ವಿದ್ಯಾಕ್ಕ ಡ್ರೈಯರ್ ಬಂದ್ ಮಾಡಿದರು. "ಬ್ಯಾಟರಿಯಿಂದ ದೀಪಕ್ಕ ಹೋದ ಕರೆಂಟು ಕಾರಿನ ಕಬ್ಬಿಣದ ಮೈಯಾಗ ಹಾದು ವಾಪಸು ಬರಬೇಕು. ಆ ದಾರಿ ಈ ಬೋಲ್ಟಿನ ಹತ್ರ ಐತಿ. ಯಾರೋ ಬೋಲ್ಟಿಗೆ ಟೇಪು ಸುತ್ತಿ, ಬಳಿಯ ಕೆಳಗ ರಬ್ಬರ್ ವಾಸರ್ ಇಟ್ಟು, ಸಡಲಾಗಿ ತಿರುವ್ಯಾರ. ತಣ್ಣಗಿದ್ದಾಗ ಬಳಿಯ ಒಂದು ಅಂಚು ಕಬ್ಬಿಣಕ್ಕ ತಾಗತೈತಿ, ದೀಪ ಹತ್ತತೈತಿ. ಎಂಜಿನ್ ಕಾದರ ರಬ್ಬರ್ ಉಬ್ಬಿ ಬಳಿ ಎತ್ತತೈತಿ, ದೀಪ ಆರತೈತಿ. ಅಂಗಳದಾಗ ಡಾಕ್ಟರು ಪರೀಕ್ಷೆ ಮಾಡಿದಾಗ ದೀಪ ಛಲೋ ಹತ್ತಿತ್ತು. ಎಂಜಿನ್ ಕಾದ ಮ್ಯಾಲ, ಕತ್ತಲಾಗೂ ಹೊತ್ತಿನಾಗ ಆರಿತು. ಈಗ ಹಗಲ ಬಿಸಿಲಿಗೆ ಆರತೈತಿ, ಸಂಜೀ ತಂಪಿಗೆ ಹತ್ತತೈತಿ. ದೆವ್ವಾ ಇದೇ."

"ಅಮಿತಾ ಅವತ್ತು ಬಾನೆಟ್ ಎತ್ತಿದ್ದ," ಎಂದರು ಪಿಎಸ್‌ಐ.

"ಎತ್ತಿದ್ದ. ಆದ್ರ ಈ ವಾಸರ್ ಟಿವಿ ಅಂಗಡ್ಯಾಗ ಸಿಗೂದಿಲ್ಲ. ಇದು ಡ್ರಿಪ್ ಪೈಪಿಂದು. ಅಮಿತಗ ಹೊಲ ಇಲ್ಲ, ತೋಟಾ ಇಲ್ಲ. ಡಾಕ್ಟರನ್ನ ದಾರ್ಯಾಗ ತಡಿಯೂ ಕಾರಣಾನೂ ಇಲ್ಲ. ಹೊರ್ತಿ ಹತ್ರ ಒಬ್ಬ ಕುರಿಗಾರ, ಎರಡು ಆಡು, ಒಂದೇ ಜಾಗಾದಾಗ ಸತ್ತಾವ. ಹಾವು ಕಚ್ಚಿದ್ರ ಆಡಿನ ಬಾಯಿ ಸುಡೂದಿಲ್ಲ. ಕಾಡಹಂದಿ ಬರಬಾರದು ಅಂತ ಬೇಲಿಗೆ ಕರೆಂಟು ಬಿಟ್ಟಿದ್ರು. ಅದನ್ನ ಕಂಡುಹಿಡಿದ ಡಾಕ್ಟರು ಮೊದಲು ಬೇಲಿಯ ಮಾಲಕಗ ಹೇಳಿದ್ರು, ಯಾಕಂದ್ರ ಆ ಮಾಲಕ ಅವರ ಒಡಹುಟ್ಟಿದವರು." ಅವರು ಕಂಬದ ಕಡೆ ತಿರುಗಿದರು. "ಪಂಢರಿನಾಥರ, ಮಂಜರಿ ಕತ್ತಲಾದ್ರ ದೀಪ ಹತ್ತತದ ಅಂದಳು. ನೀವೊಬ್ಬರೇ ತಣ್ಣಗಾದ್ರ ಹತ್ತತದ ಅಂದ್ರಿ."

ಪಂಢರಿನಾಥ ತಾಯಿಯ ಕಡೆ ನೋಡಿದರು.

"ಪಂಪಿನ ಸ್ಟಾರ್ಟರದಾಗ ಬ್ಯಾಸಗಿಗೆ ರಬ್ಬರ್ ಉಬ್ಬಿ ಹಿಂಗ ಆಗೂದು ನೋಡಿದ್ದೆ," ಎಂದರು ಕೊನೆಗೆ. "ವಲ್ಲಭ 'ದಾದಾ, ಸಂಜೀತನಕ ನೀನ ಹೋಗಿ ಒಪ್ಪಿಕೋ, ಇಲ್ಲಾ ನಾ ಗುಂಡವ್ವನ್ನ ಕರಕೊಂಡು ಹೋಗ್ತೀನಿ' ಅಂದ. ನನಗ ಜೇಲಿನ ಅಂಜಿಕಿ. ಅವ ಕೆಳಗ ಸ್ನಾನಕ್ಕ ಹೋದಾಗ... ದೀಪ ಆರಿದ್ರ ಅವ ಹೊಳ್ಳಿ ಬರ್ತಾನ ಅಂದುಕೊಂಡೆ. ಬೇಲಿ ತಂತಿ ಬಿಚ್ಚಲಿಕ್ಕೆ ಒಂದು ದಿನ ಸಿಗತದ ಅಂದುಕೊಂಡೆ. ಸಾಯ್ಲಿ ಅಂತ ಅಲ್ಲ."

"ಬರೇ ತಡೀಬೇಕಾಗಿದ್ರ ದೀಪದ ತಂತಿ ಪೂರಾ ಕಿತ್ತಿದ್ರ ಆಗ್ತಿತ್ತು," ಎಂದರು ವಿದ್ಯಾಕ್ಕ. ಅವರ ದನಿ ಏರಲಿಲ್ಲ. "ಅಂಗಳದಾಗ ದೀಪ ಹತ್ತುತಿರಲಿಲ್ಲ, ಅವರು ಮನಿ ಬಿಡ್ತಿರಲಿಲ್ಲ. ನೀವು ಇಲ್ಲಿ ಹತ್ತೂವಂಗ, ದಾರಿಯೊಳಗ ಆರೂವಂಗ ಮಾಡಿದ್ರಿ."

ಮಂಜರಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಹಗಲೆಲ್ಲ ತನ್ನನ್ನು ಸಮಾಧಾನ ಮಾಡುತ್ತಿದ್ದ ಭಾವನ ಕೈಗಳನ್ನೇ ಅವಳು ನೋಡುತ್ತಿದ್ದಳು.

ಪಿಎಸ್‌ಐ ಎದ್ದರು. ಪಂಢರಿನಾಥ ತಾಯಿಯ ಮುಂದೆ ಬಂದು ಮೊಣಕಾಲೂರಿ, "ಆಯಿ, ಏನರ ಮಾತಾಡ," ಎಂದರು.

ತುಳಸೀಬಾಯಿಯ ಕಣ್ಣಲ್ಲಿ ಆಗ ಮರುಳಿನ ಮಬ್ಬು ಇರಲಿಲ್ಲ.

"ವಲ್ಲಭನ ಹೆಸರು ನಾ ಇಟ್ಟೀನಿ, ನನಗ ಗೊತ್ತದ," ಎಂದರು. "ಆ ಕುರಿಗಾರನ ಹೆಸರೇನು?"

ಪಂಢರಿನಾಥ ತಲೆ ತಗ್ಗಿಸಿದರು. ಅವರಿಗೆ ಗೊತ್ತಿರಲಿಲ್ಲ. ಅಂಗಳದಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅಷ್ಟೆಲ್ಲ ಪ್ರಶ್ನೆ ಕೇಳಿದ ನಾವಿಬ್ಬರೂ ಅದೊಂದನ್ನು ಕೇಳಿರಲಿಲ್ಲ.

ಹೊಸ್ತಿಲ ಹೊರಗಿನಿಂದ ಗುಂಡವ್ವ ಹೇಳಿದಳು. "ಅಮೋಗಿ ಅಂತಿದ್ರು ಅವ್ವಾರ. ಅಮೋಗಿ."

"ಅಮೋಗಿ," ಎಂದರು ತುಳಸೀಬಾಯಿ, ಮಗನ ಮುಖವನ್ನೇ ನೋಡುತ್ತ. "ನೀನೂ ಅನ್ನು. ಅಂದು ಹೋಗು."