ಮೋಡ ಯಾವ ಬಣ್ಣ?

ಮೋಡ ಮತ್ತೆ ನೀಲಿಯಾಯಿತು.

"ನೋಡು, ಈಗ ಸರಿಹೋಯ್ತು," ಎಂದು ಅಜ್ಜ ಮೌಸ್‌ನಿಂದ ಕೈ ತೆಗೆದರು.

ಪಕ್ಕದಲ್ಲಿ ನಿಂತಿದ್ದ ಮೊಮ್ಮಗಳು ಪರದೆಯನ್ನೇ ನೋಡಿದಳು. ಕಂಪ್ಯೂಟರಿನಲ್ಲಿ ಕೆರೆ, ಅದರಾಚೆ ಗುಡ್ಡ, ಗುಡ್ಡದ ಮೇಲೆ ಮೋಡ. ಅಜ್ಜನೇ ತೆಗೆದ ಫೋಟೋ. ಆದರೆ ಎಲ್ಲದರ ಮೇಲೂ ಯಾರೋ ಶಾಯಿ ಚೆಲ್ಲಿದ ಹಾಗಿತ್ತು.

ಬಣ್ಣದ ವಿಷಯದಲ್ಲಿ ಅಜ್ಜನ ಮಾತೇ ಕೊನೆಯ ಮಾತು. ಅವರ ಸ್ಟುಡಿಯೋದ ಫೋಟೋದಲ್ಲಿ ಜ್ವರ ಬಂದವರೂ ಕಳೆಕಳೆಯಾಗಿ ಕಾಣುತ್ತಿದ್ದರು. ಈ ಫೋಟೋ ಹಲ್ಲಿನ ಡಾಕ್ಟರ ಕ್ಲಿನಿಕ್ಕಿಗೆ, ಅದೂ ಗೋಡೆಯಷ್ಟು ದೊಡ್ಡದಾಗಿ. ನೋಡಲು ಡಾಕ್ಟರು ಇನ್ನೇನು ಬರುವವರಿದ್ದರು. ನೋಡಿ ನಕ್ಕುಬಿಟ್ಟರೆ?

"ಏನೇ ಪಿಟೀಲು, ಇವತ್ತು ತಂತಿ ಹರಿದಿದೆಯಾ? ಮಾತೇ ಇಲ್ಲ!" ಎಂದರು ಅಜ್ಜ. ಬಾಯಿಗೆ ಬಿಡುವು ಕೊಡದ ಅವಳಿಗೆ ಅವರಿಟ್ಟ ಹೆಸರು ಅದು.

"ಏನಿಲ್ಲ ಅಜ್ಜ."

ಅಜ್ಜ ಮುಖ ತೊಳೆಯಲು ಒಳಗೆ ಹೋದರು. ಪಿಟೀಲು ಮೌಸ್ ಹಿಡಿದು, ಬಣ್ಣದ ಸ್ಲೈಡರನ್ನು ಮೆಲ್ಲಗೆ ಹಳದಿಯ ಕಡೆ ಎಳೆದಳು. ಮೋಡ ಬೆಳ್ಳಗಾಯಿತು. ಈ ಕಳ್ಳಕೆಲಸವನ್ನು ಆಗಲೇ ಒಮ್ಮೆ ಮಾಡಿದ್ದಳು. ಆದರೂ ಕಣ್ಣು ಒಳಬಾಗಿಲ ಕಡೆಗೇ ಇತ್ತು.

ಅಜ್ಜ ಮುಖ ಒರೆಸುತ್ತಾ ಬಂದರು. "ಅಯ್ಯೋ, ಮತ್ತೆ ಹಳದಿ ಹೊಡೀತಿದೆಯಲ್ಲೇ! ಈ ಕಂಪ್ಯೂಟರಿಗೆ ವಯಸ್ಸಾಯ್ತು."

ಸ್ಲೈಡರ್ ಪುನಃ ನೀಲಿಯ ಕಡೆ ಓಡಿತು.

ನನ್ನ ಕಣ್ಣೇ ಕೆಟ್ಟಿದೆಯಾ? ಪಿಟೀಲಿಗೆ ಭಯವಾಯಿತು. ಪ್ರಿಂಟರಿನ ಪಕ್ಕದಲ್ಲಿದ್ದ ಬಿಳಿ ಹಾಳೆಗಳ ಹೊಸ ಕಟ್ಟನ್ನು ಬಿಚ್ಚಿ, ಒಂದು ಹಾಳೆ ಎಳೆದು ಮೋಡದ ಪಕ್ಕ ಹಿಡಿದಳು.

"ಅಜ್ಜ, ಮೋಡ ಇಷ್ಟು ಬೆಳ್ಳಗಿರಬೇಕಲ್ವಾ?"

"ಹಳೇ ಹಾಳೆ ಯಾಕೆ ತಂದೆ? ಹಳದಿಯಾಗಿದೆ. ಹೊಸದು ತಾ."

"ಹೊಸದೇ ಅಜ್ಜ. ಈಗ ಬಿಚ್ಚಿದ್ದು."

ನಗಲು ಹೊರಟ ಅಜ್ಜ ಅರ್ಧಕ್ಕೇ ನಿಂತರು. ಹಾಳೆಯನ್ನು ಕಿಟಕಿಯ ಹತ್ತಿರ ಒಯ್ದರು. ಕನ್ನಡಕ ತೆಗೆದರು, ಒರೆಸಿದರು, ಹಾಕಿಕೊಂಡರು. ಒಂದು ಕಣ್ಣು ಮುಚ್ಚಿ ನೋಡಿದರು. ಆಮೇಲೆ ಇನ್ನೊಂದು.

ಆ ಹಾಳೆಯನ್ನು ಕಿತ್ತುಕೊಂಡು ಎಲ್ಲಾದರೂ ಬಚ್ಚಿಡೋಣ ಅನ್ನಿಸಿತು ಪಿಟೀಲಿಗೆ.

"ನಾನೇ ಎಳೆದಿದ್ದು ಅಜ್ಜ, ನೀನು ಒಳಗೆ ಹೋದಾಗೆಲ್ಲ..." ಅವಳು ಸ್ಲೈಡರ್ ತೋರಿಸಿದಳು.

ಅಜ್ಜ ಹಾಳೆಯನ್ನು ಮೇಜಿನ ಮೇಲಿಟ್ಟರು. "ಹಾಗಾದ್ರೆ ಪಾಪ, ಕಂಪ್ಯೂಟರಿಗೆ ವಯಸ್ಸಾಗಿಲ್ಲ," ಎಂದರು.

ಹೊರಗೆ ಡಾಕ್ಟರ ಸ್ಕೂಟರ್ ನಿಂತ ಸದ್ದಾಯಿತು.

"ಕೂತ್ಕೋ ಬಾ, ಬೇಗ!" ಅಜ್ಜ ತಮ್ಮ ಕುರ್ಚಿಯನ್ನು ಅವಳ ಕಡೆ ತಳ್ಳಿದರು. ಆ ಕುರ್ಚಿಯಲ್ಲಿ ಅಪ್ಪನೂ ಕೂತದ್ದಿಲ್ಲ. "ಬಣ್ಣ ನೀನು ನೋಡು, ಕಾಂಟ್ರಾಸ್ಟ್ ನಾನು ಹೇಳ್ತೀನಿ. ಹಲ್ಲಿನ ಡಾಕ್ಟರಿಗೆ ಕಣ್ಣಿನ ಡಾಕ್ಟರ ಪರಿಚಯ ಇದ್ದೇ ಇರುತ್ತೆ. ಕೇಳಿದ್ರಾಯ್ತು."

ಪಿಟೀಲು ಸ್ಲೈಡರ್ ಎಳೆದಳು. ಕೆರೆ ಹಸಿರಾಯಿತು, ಗುಡ್ಡ ಮಣ್ಣಿನ ಬಣ್ಣಕ್ಕೆ ಬಂತು.

"ಗುಡ್ಡದ ನೆರಳು ಇನ್ನೂ ಕಪ್ಪಾಗ್ಲಿ... ಇನ್ನೊಂಚೂರು... ಸಾಕು. ಈಗ ಸರಿ ಇದೆಯಾ?"

ದಿನವೂ ಆ ಪ್ರಶ್ನೆ ಕೇಳುತ್ತಿದ್ದವಳು ಅವಳು. ತಿರುಗಿ ನೋಡಿದಳು. ಅಜ್ಜ ಫೋಟೋ ನೋಡುತ್ತಿರಲಿಲ್ಲ. ಅವಳ ಮುಖ ನೋಡುತ್ತಿದ್ದರು.

ಬಾಗಿಲಲ್ಲಿ ಡಾಕ್ಟರು ಚಪ್ಪಲಿ ಬಿಡುತ್ತಿದ್ದರು. ಹೂಂ ಅನ್ನಬಹುದಿತ್ತು. ಪಿಟೀಲು ಪರದೆಯ ಕಡೆ ತಿರುಗಿ, ಮೋಡವನ್ನು ಈ ತುದಿಯಿಂದ ಆ ತುದಿಯವರೆಗೆ ನಿಧಾನವಾಗಿ ನೋಡಿದಳು.

"ಅಂಚಲ್ಲಿ ಒಂಚೂರು ನೀಲಿ ಉಳ್ಕೊಂಡಿದೆ ಅಜ್ಜ," ಎಂದಳು. "ತಡಿ."