ದಿನಕ್ಕೆ ನಲವತ್ತೈದು ಗ್ರಾಂ

ಮಂಗಳವಾರ ಬೆಳಿಗ್ಗೆ ಹತ್ತು ಗಂಟೆ ಹತ್ತು ನಿಮಿಷಕ್ಕೆ ಭಾವ ಅವನ ಹೆಸರನ್ನು ಹೊಡೆದುಹಾಕಿದರು. ನೂರಾ ಹದಿನಾಲ್ಕು ಪುಟದ ಕರಡು, ಮುಖಪುಟದಲ್ಲಿ ಎರಡು ಹೆಸರು. ಕೆಳಗಿನದರ ಮೇಲೆ ಒಂದು ಗೆರೆ.

"ಇಬ್ಬರ ಹೆಸರಿದ್ರೆ ಯಾರನ್ನ ಕೇಳ್ಬೇಕು ಅಂತ ಜನಕ್ಕೆ ಗೊಂದಲ ಆಗತ್ತೆ ಕಣೋ ಗುಲಗಂಜಿ," ಎಂದರು. "ನಿನಗೆ ಇದೆಲ್ಲ ಯಾಕೆ? ಅಳೆಯೋದು ನೀನು ನೋಡ್ಕೋ. ಮಾತಾಡೋದು ನಾನು ನೋಡ್ಕೋತೀನಿ."

"ಆಯ್ತು ಭಾವ," ಎಂದ ಅವನು.

ಮೂರನೇ ದಶಾಂಶದವರೆಗೆ ತೂಗದೆ ಬಿಡುವುದಿಲ್ಲವೆಂದು ಅಂಟಿದ ಹೆಸರು ಗುಲಗಂಜಿ. ಇಟ್ಟವರು ಭಾವನೇ, ಅಕ್ಕನ ಗಂಡ, ಪ್ರಯೋಗಾಲಯದ ಮುಖ್ಯಸ್ಥ. ಭಾವನ ವಿಷಯದಲ್ಲಿ ಗುಲಗಂಜಿಯ ಬಾಯಲ್ಲಿ ಬಹುವಚನ ಎಂದೂ ತಪ್ಪಿದ್ದಿಲ್ಲ. ಮನಸ್ಸಿನಲ್ಲಿ ಅವತ್ತಿನಿಂದ ಭಾವ ಏಕವಚನಕ್ಕೆ ಇಳಿದ.

ಆ ಕರಡಿನ ಪ್ರತಿ ಸಾಲೂ ಗುಲಗಂಜಿಯದು. ಹನ್ನೊಂದು ವರ್ಷದ ಕೆಲಸ. ಒಂದು ವಸ್ತು ತಯಾರಾಗಿ, ಬಳಕೆಯಾಗಿ, ಕಸವಾಗುವವರೆಗೆ ನೆಲ, ನೀರು, ಗಾಳಿಯ ಮೇಲೆ ಎಷ್ಟು ಭಾರ ಹಾಕುತ್ತದೆ ಎಂಬುದನ್ನು ಒಂದೊಂದು ಪ್ರಯೋಗಾಲಯ ಒಂದೊಂದು ರೀತಿ ಅಳೆಯುತ್ತಿತ್ತು. ಒಂದು ಕಡೆ ಲಾರಿಯ ಹೊಗೆ ಲೆಕ್ಕಕ್ಕಿಲ್ಲ, ಇನ್ನೊಂದು ಕಡೆ ಚರ್ಮ ಹದ ಮಾಡುವ ನೀರು ಲೆಕ್ಕಕ್ಕಿಲ್ಲ. ಯಾರು ತಮಗೆ ಬೇಕಾದ ಉತ್ತರ ಕೊಡುತ್ತಾರೋ ಅವರ ಬಾಗಿಲಿಗೆ ಕಾರ್ಖಾನೆಗಳು ಹೋಗುತ್ತಿದ್ದವು. ಒಂದೇ ಬೂಟು, ಐದು ಉತ್ತರ. ಎಲ್ಲಿ ಅಳೆದರೂ ಒಂದೇ ಉತ್ತರ ಬರುವ ಸಮಾನ ವಿಧಾನವನ್ನು ಬರೆದವನು ಅವನು. ಬೂಟಿನ ಒಟ್ಟು ಭಾರವನ್ನು ಅದು ಬಾಳುವ ದಿನಗಳಿಂದ ಭಾಗಿಸಬೇಕು, ಆಗ ಬೇಗ ಕಿತ್ತುಹೋಗುವ ಅಗ್ಗದ ಮಾಲು ತಪ್ಪಿಸಿಕೊಳ್ಳಲಾರದು ಎಂದವನೂ ಅವನೇ. ಆ ಮಾತನ್ನು ಭಾವ ಕಳೆದ ವರ್ಷ ಮೂರು ಸಭೆಗಳಲ್ಲಿ ತನ್ನದೆಂದು ಹೇಳಿ ಚಪ್ಪಾಳೆ ಗಿಟ್ಟಿಸಿದ್ದ.

ಸಂಜೆ ಅಕ್ಕ ಫೋನ್ ಮಾಡಿದಳು. "ಹೆಸರಿನ ವಿಷಯ ಇವರು ಹೇಳಿದ್ರು. ಬೇಜಾರು ಮಾಡ್ಕೊಂಡ್ಯೇನೋ?"

"ಇಲ್ಲ ಅಕ್ಕ."

"ಈ ಮನುಷ್ಯನಿಗೆ ಬೂಟಿನ ಲೇಸ್ ಕಟ್ಟೋಕೂ ಸರಿಯಾಗಿ ಬರಲ್ಲ, ದಿನಾ ನಾನೇ ಬಗ್ಗಬೇಕು. ಬೂಟಿನ ಮೇಲೆ ನೂರು ಪುಟ ಬರೆದಿದಾರಂತೆ!" ಅಕ್ಕ ನಕ್ಕಳು.

ಅವನಿಗೆ ನಗು ಬರಲಿಲ್ಲ. ಫೋನ್ ಇಟ್ಟ ಮೇಲೆ ನೋಡಿಕೊಂಡ: ಕೈಯಲ್ಲಿದ್ದ ಪೆನ್ಸಿಲ್ಲು ಎರಡು ತುಂಡಾಗಿತ್ತು.

ದಾರಿ ತಾನಾಗಿ ತೆರೆಯಿತು. ವಿಧಾನವನ್ನು ಒಪ್ಪುವ ಮೊದಲು ಒಂಬತ್ತು ಪ್ರಯೋಗಾಲಯಗಳು ಅದರಂತೆ ಒಂದೇ ಬೂಟನ್ನು ಅಳೆದು ನೋಡಬೇಕಿತ್ತು. ಒಂದೇ ಕಾರ್ಖಾನೆಯಲ್ಲಿ ಒಂದೇ ದಿನ ತಯಾರಾದ ಮಾಲು, ಪ್ರತಿಯೊಬ್ಬರಿಗೂ ಮೂರು ಜೊತೆ. ಉತ್ತರಗಳು ಮುಚ್ಚಿದ ಲಕೋಟೆಯಲ್ಲಿ ಹೋಗುತ್ತವೆ, ತುಂಬಿದ ಸಭೆಯಲ್ಲಿ ಒಡೆದು ಓದುತ್ತಾರೆ. ನಡುವಿನ ಸಂಖ್ಯೆಗಿಂತ ಹತ್ತನೇ ಒಂದು ಪಾಲು ಆಚೀಚೆಯಾದರೆ ಅದರ ಹೊಣೆಗಾರ ಅಲ್ಲೇ ಎದ್ದು ಕಾರಣ ಹೇಳಬೇಕು. ಹೇಳಲಾಗದಿದ್ದರೆ ಅಳೆಯಲು ಅವನಿಗಿರುವ ಮಾನ್ಯತೆ ಮೂರು ವರ್ಷ ರದ್ದು. ಅದೇ ಸಭೆಯಲ್ಲಿ ಭಾವ ವಿಧಾನವನ್ನು ಒಪ್ಪುವ ಸಮಿತಿಯ ಅಧ್ಯಕ್ಷನಾಗುವುದಿತ್ತು.

ಪ್ರತಿ ವರದಿಯ ಕೊನೆಗೆ ಭಾವ ಒಂದು ಸಾಲು ಬರೆಯುತ್ತಿದ್ದ: 'ಖುದ್ದು ಅಳೆದಿದ್ದೇನೆ.' ಒಳಗಿನ ಒಂದು ಅಂಕಿಯನ್ನೂ ನೋಡುತ್ತಿರಲಿಲ್ಲ. ಸರಿ, ಈ ಸಲವೂ ಬರೆಯಲಿ. ನಾನೂರು ಜನರ ಎದುರು ಮೈಕ್ ಹಿಡಿದು, ಖುದ್ದು ಹೇಗೆ ಅಳೆದೆ ಎಂದೂ ಹೇಳಲಿ.

ಸುಳ್ಳು ಅಂಕಿ ಬರೆಯುವುದು ಹೆಡ್ಡರ ಕೆಲಸ ಎಂದು ಅವನು ಮೊದಲೇ ತೀರ್ಮಾನಿಸಿದ್ದ. ತಿದ್ದಿದ ಅಂಕಿಯ ಗುರುತು ಎಲ್ಲಾದರೂ ಉಳಿಯುತ್ತದೆ. ಅಂಕಿ ನಿಜವಿರಬೇಕು. ಸುಳ್ಳಾಗಬೇಕಾದದ್ದು ಬೂಟು.

ಶುಕ್ರವಾರ ಮಧ್ಯಾಹ್ನ ಮೂರು ಜೊತೆಯ ಆರು ಅಟ್ಟೆಗಳನ್ನು ಬಿಡಿಸಿ ಓವನ್ನಿನ ಕೆಳಗಿನ ತಟ್ಟೆಯಲ್ಲಿಟ್ಟ. ನೂರು ಡಿಗ್ರಿ. ಮೇಲಿನ ತಟ್ಟೆಯಲ್ಲಿ ಚರ್ಮದ ಚೂರುಗಳು. ತೇವ ಆರಲು ಅವು ಮೂರು ದಿನ ಅಲ್ಲಿರಬೇಕಾದದ್ದೇ. ಹಾಗಾಗಿ ಓವನ್ನಿನ ದಾಖಲೆಯಲ್ಲಿ ಯಾರಿಗೂ ಏನೂ ಕಾಣದು. ಆ ಶಾಖಕ್ಕೆ ರಬ್ಬರು ಮೂರೇ ದಿನದಲ್ಲಿ ಮುದಿಯಾಗುತ್ತದೆ, ಕಪ್ಪು ಮಾತ್ರ ಕಪ್ಪಾಗಿಯೇ ಉಳಿಯುತ್ತದೆ. ಸೋಮವಾರ ಎಲ್ಲರಿಗಿಂತ ಮುಂಚೆ ಬಂದು ಹೊರತೆಗೆದ. ಕಿಟಕಿ ತೆರೆದು ವಾಸನೆ ಹೋಗಲು ಬಿಟ್ಟ. ಮುಂದಿನ ಒಂದು ದಿನ ಅಟ್ಟೆಗಳು ಕೋಣೆಯ ಹವೆಯಲ್ಲಿ ಕಳೆದವು. ಅದು ಅವನ ವಿಧಾನದಲ್ಲೇ ಇದ್ದ ನಿಯಮ, ಪಾಲಿಸಿದ.

ಹಿಂದಿನ ಕೋಣೆಯ ಯಂತ್ರ ಅಟ್ಟೆಯನ್ನು ಬಗ್ಗಿಸುತ್ತ, ನೆಟ್ಟಗಾಗಿಸುತ್ತ, ಬಿರುಕು ಬಿಡುವವರೆಗೆ ಎಣಿಸುತ್ತದೆ. ಮುನ್ನೂರು ಸಲ ಬಗ್ಗಿದರೆ ಒಂದು ದಿನದ ಬಾಳಿಕೆ. ಈ ಬೂಟು ಒಂದೂವರೆ ಲಕ್ಷದವರೆಗೆ ತಡೆಯುವಂಥದ್ದು. ಎಣಿಕೆ ತೊಂಬತ್ತಮೂರು ಸಾವಿರಕ್ಕೆ ನಿಂತಿತು.

ಯಂತ್ರ ನೋಡಿಕೊಳ್ಳುವಾಕೆ ಅಟ್ಟೆಯನ್ನು ತಿರುಗಿಸಿ ನೋಡಿದಳು. "ಇಷ್ಟು ಬೇಗ ಬಾಯಿ ಬಿಟ್ಟಿದೆಯಲ್ಲ ಸಾರ್! ಇದಕ್ಕಿಂತ ನಮ್ಮ ಮನೆಯವರು ಕೊಟ್ಟ ಮಾತೇ ಜಾಸ್ತಿ ದಿನ ಬಾಳತ್ತೆ. ಬೇರೆ ಜೊತೆ ತರಿಸಿ ನೋಡೋಣ್ವಾ?"

"ಆರೂ ಒಂದೇ ತರ ಬಂದಿದೆ. ಯಂತ್ರ ಏನು ಹೇಳ್ತೋ ಅದನ್ನ ಬರೀರಿ."

ಅವಳು ಟಿಪ್ಪಣಿ ಪುಸ್ತಕದಲ್ಲಿ ಬರೆದಳು, ಎಂದಿನಂತೆ ಪುಟದ ಕೆಳಗೆ ಅವನು ಸಹಿ ಹಾಕಿದ. ಹದಿನಾಲ್ಕು ಕಿಲೋ ಇಂಗಾಲದ ಹೊಗೆಯನ್ನು ಐನೂರು ದಿನಕ್ಕೆ ಹಂಚಿದರೆ ದಿನಕ್ಕೆ ಇಪ್ಪತ್ತೆಂಟು ಗ್ರಾಂ. ಮುನ್ನೂರ ಹತ್ತು ದಿನಕ್ಕೆ ಹಂಚಿದರೆ ನಲವತ್ತೈದು. ಭಾಗಾಕಾರವನ್ನು ಅವನು ಎರಡು ಸಲ ಮಾಡಿದ. ತಪ್ಪಿರಲಿಲ್ಲ.

"ಎಲ್ಲಾ ಸರಿಯಾಗಿದೆ ತಾನೆ?" ಭಾವ ಪೆನ್ನಿನ ಮುಚ್ಚಳ ತೆಗೆಯುತ್ತ ಕೇಳಿದ.

"ಒಂದು ಗುಲಗಂಜಿಯಷ್ಟೂ ವ್ಯತ್ಯಾಸ ಇಲ್ಲ ಭಾವ."

"ಭೇಷ್. ನಿನ್ನಂಥ ಭಾವಮೈದ ಸಿಗೋಕೂ ಪುಣ್ಯ ಬೇಕು." ಪುಟ ತಿರುವದೆ ಕೊನೆಯ ಸಾಲು ಬರೆದು ಸಹಿ ಹಾಕಿದ. ನಿಯಮದಂತೆ ಅಳತೆಯ ಟಿಪ್ಪಣಿ ಪುಸ್ತಕವೂ ಲಕೋಟೆಯ ಜೊತೆಗೆ ಹೋಯಿತು.

ಸಭೆಯ ದಿನ ಅವನು ಹಿಂದಿನ ಸಾಲಿನಲ್ಲಿ, ಮುಂದಿನವರ ತಲೆ ಅಡ್ಡ ಬಾರದ ಕುರ್ಚಿ ಹುಡುಕಿ ಕುಳಿತ. ಭಾವ ಮೊದಲ ಸಾಲಿನಲ್ಲಿದ್ದ, ಹೊಸ ಕೋಟು. ಸಭೆ ನಡೆಸುತ್ತಿದ್ದ ಹಿರಿಯ ರಸಾಯನ ತಜ್ಞೆ ಒಂದೊಂದೇ ಲಕೋಟೆ ಒಡೆದು ಓದಿದರು. ಇಪ್ಪತ್ತೆಂಟು. ಇಪ್ಪತ್ತೇಳು. ಇಪ್ಪತ್ತೊಂಬತ್ತು. ಎಂಟು ಉತ್ತರಗಳಲ್ಲಿ ಒಂದೂ ಮೂವತ್ತನ್ನು ಮುಟ್ಟಲಿಲ್ಲ. ಹನ್ನೊಂದು ವರ್ಷದ ವಿಧಾನ ಗೆದ್ದಿತ್ತು. ಅವನ ಮೈ ಒಮ್ಮೆ ಜುಮ್ಮೆಂದಿತು. ಒಂಬತ್ತನೆಯದನ್ನು ಆಕೆ ಓದಿ, ಕನ್ನಡಕ ಸರಿಮಾಡಿಕೊಂಡು ಮತ್ತೆ ಓದಿದರು.

"ನಲವತ್ತೈದು."

ಸಭೆಯಲ್ಲಿ ಗುಸುಗುಸು ಎದ್ದಿತು. ಭಾವನ ಕತ್ತು ಹಿಂದಿನಿಂದ ಕೆಂಪಗೆ ಕಂಡಿತು. ಆ ಕೆಂಪನ್ನು ಅವನು ಕಣ್ತುಂಬ ನೋಡಿದ. ಏಳು, ಎಂದು ಮನಸ್ಸಿನಲ್ಲೇ ಗದರಿದ. ಎದ್ದು ಹೇಳು.

ತನ್ನ ವಿಧಾನದ ಇಪ್ಪತ್ತೆರಡನೇ ಕಲಮನ್ನು ಅವನು ಮತ್ತೆ ಓದಿರಲಿಲ್ಲ. ಶಾಖ, ತೇವ, ಬಾಗುವಿಕೆಗಳ ಕಲಮುಗಳನ್ನೆಲ್ಲ ತಿರುವಿ ಹಾಕಿದ್ದ. ಸಹಿಯ ಕಲಮನ್ನು ನೋಡುವ ಅಗತ್ಯ ಕಂಡಿರಲಿಲ್ಲ, ಹನ್ನೊಂದು ವರ್ಷವೂ ವರದಿಯ ಸಹಿ ಭಾವನದೇ ಆಗಿತ್ತು. ಆ ಕಲಮನ್ನು ಬರೆದವನೂ ಗುಲಗಂಜಿಯೇ, ಆರು ವರ್ಷದ ಹಿಂದೆ, ಭಾವನ ಮೇಲಿನ ಇಂಥದೇ ಸಿಟ್ಟಿನಲ್ಲಿ: ವರದಿಗೆ ಮುಖ್ಯಸ್ಥರು ಹಾಕಿದ ಸಹಿ ಲೆಕ್ಕಕ್ಕಿಲ್ಲ, ಟಿಪ್ಪಣಿ ಪುಸ್ತಕದ ಪುಟಗಳಿಗೆ ಸಹಿ ಹಾಕಿದವರೇ ಅಳತೆಯ ಹೊಣೆಗಾರರು. ಮುಖಪುಟ ದಾಟಿ ಓದದ ಭಾವ ಅದನ್ನು ತೆಗೆದುಹಾಕಿರಲಿಲ್ಲ. ರಸಾಯನ ತಜ್ಞೆ ಪುಸ್ತಕ ತೆರೆದು, ಪ್ರತಿ ಪುಟದ ಕೆಳಗೂ ಇದ್ದ ಅವನ ಹೆಸರನ್ನು ಸ್ಪಷ್ಟವಾಗಿ ಎರಡು ಸಲ ಕರೆದರು. ಅವನು ಮೈಕಿನ ಮುಂದೆ ನಿಂತು ಭಾಗಾಕಾರವನ್ನು ಮತ್ತೊಮ್ಮೆ ಓದಿ ಹೇಳಿದ, ಓವನ್ನಿನ ಕಾರಣವನ್ನು ಮಾತ್ರ ಬಿಟ್ಟ. ಹನ್ನೆರಡೂ ಇಪ್ಪತ್ತಕ್ಕೆ ಅವನ ಮಾನ್ಯತೆ ರದ್ದಾಯಿತು. ಹನ್ನೆರಡೂವರೆಗೆ ಭಾವ ಅಧ್ಯಕ್ಷರಾದರು.