ನೀಲಿ ದಾರ ಕಟ್ಟಿದ ಗಿಡ

ಮುದುಕನಿಗೆ ಮರೆವು, ಏನೇನೋ ಕಥೆ ಕಟ್ಟುತ್ತಾನೆ ಅಂತ ಹೋದ ಸಲ ಯಾರೋ ಗೊಣಗಿದಿರಂತೆ. ಕನ್ನಡಕ ಎಲ್ಲಿಟ್ಟೆ ಅನ್ನೋದು ಮರೆತಿರಬಹುದು. ಆದರೆ ನಮ್ಮಣ್ಣನ ಮಗಳು ಬಣ್ಣದ ಮೀನಿನ ಅಂಗಡಿಗೆ ನುಗ್ಗಿದ ದಿನ ಮರೆಯುತ್ತೇನೆಯೇ? ಅವಳ ಹಿಂದೆ ಚೀಲ ಹಿಡಿದು ನಿಂತವನು ನಾನೇ. ಆಗಿನ್ನೂ ನನ್ನ ಬಾಯಲ್ಲಿದ್ದ ಹಲ್ಲೆಲ್ಲ ನನ್ನವೇ. ಸುಮ್ಮನೆ ಕೇಳಿ.

"ಗಿಡ ಬೇಕು. ಮೀನು ಬೇಡ," ಅಂದಳು.

ಅಂಗಡಿಯವನು ಮೊಣಕೈವರೆಗೆ ಒದ್ದೆಯಾಗಿದ್ದ. ತಲೆ ಎತ್ತಿದ... ಮತ್ತೆ ಇಳಿಸಲೇ ಇಲ್ಲ.

"ಇಲ್ಲಿಗೆ ಬಂದು ಮೀನು ಬೇಡ ಅಂದವ್ರು ನೀವೇ ಮೊದಲು ಮೇಡಂ."

"ಮನೆ ರೆಡಿಯಾಗ್ಲಿ. ಆಮೇಲೆ ನೆಂಟರನ್ನ ಕರೀತೀನಿ."

ಅವನು ನಕ್ಕ. ಅವಳು ನಗಲಿಲ್ಲ. ಅಣ್ಣ ತೀರಿಕೊಂಡ ಮೇಲೆ ಅವನ ಮೀನಿನ ಗಾಜಿನ ತೊಟ್ಟಿ ಒಣಗಿ ನಿಂತಿತ್ತು. ಅತ್ತಿಗೆಗೆ ಅದನ್ನು ಕಂಡರೆ ಸಂಕಟ.

"ಖಾಲಿ ತೊಟ್ಟಿ ನೋಡ್ಕೊಂಡಿರೋಕೆ ನಂಗಾಗಲ್ಲ ಕಣೇ. ಜೀವ ತುಂಬ್ಸು, ಇಲ್ಲಾಂದ್ರೆ ಗುಜರಿಗೆ ಹಾಕ್ತೀನಿ," ಅಂದಿದ್ದರು.

ಹುಡುಗಿಗೆ ಅಪ್ಪನದು ಅಂತ ಉಳಿದಿದ್ದು ಅದೊಂದೇ.

ಸಂಜೆ ಅಂಗಡಿಯವನೇ ಮನೆಗೆ ಬಂದ. ಮರಳು ತೊಳೆದು ಹಾಸಿದರು. ಅವಳು ಅಗಲ ಎಲೆಯ ಗಿಡವನ್ನು ಮರಳಿಗೆ ಒತ್ತುತ್ತಿದ್ದಳು.

"ಹೂಳ್ಬೇಡಿ, ಗೆಡ್ಡೆ ಕೊಳೆಯುತ್ತೆ. ಮರದ ತುಂಡಿಗೆ ಕಟ್ಟಿ, ಬೇರು ತಾನೇ ಹಿಡ್ಕೊಳ್ಳುತ್ತೆ."

ಅವಳು ಟೈಲರು. ಹೊಲಿಗೆ ಪೆಟ್ಟಿಗೆಯಿಂದ ನೀಲಿ ದಾರ ತೆಗೆದು, ಗುಂಡಿ ಹೊಲಿಯುವಾಗ ಹಾಕುವ ತನ್ನದೇ ಗಂಟು ಹಾಕಿದಳು. ಮರಳು ಕದಡದಂತೆ ತಟ್ಟೆಯಿಟ್ಟು ಅದರ ಮೇಲೆ ನೀರು ಸುರಿದರು. ನೀರೊಳಗೆ ಇಬ್ಬರ ಬೆರಳು ತಾಕಿದವು. ಇಬ್ಬರೂ ಗಿಡವನ್ನೇ ನೋಡುತ್ತಿದ್ದರಂತೆ... ನಾನು ಅವರನ್ನು ನೋಡುತ್ತಿದ್ದೆ.

"ಹೊಸ ಎಲೆ ಬಂದ್ಮೇಲೆ ಮೀನು ತರೋಣ," ಅಂದು ಹೋದ.

'ತರೋಣ ಅಂದ್ನಲ್ಲ...' ರಾತ್ರಿಯೆಲ್ಲ ಅವಳಿಗೆ ಅದೇ ಧ್ಯಾನ.

ಆದರೆ ಎಲೆಗಳು ಒಂದೊಂದೇ ಹಳದಿಯಾಗಿ ಕರಗಿದವು. ಅತ್ತಿಗೆ ಗುಜರಿಯವನಿಗೆ ಹೇಳಿ ಕಳಿಸಿದರು. ಹುಡುಗಿ ಗಿಡವನ್ನು ಮರದ ತುಂಡಿನ ಸಮೇತ ಬಕೆಟ್ಟಿಗೆ ಹಾಕಿ, ಅವನ ಅಂಗಡಿ ಮುಂದೆ ಕುಕ್ಕಿದಳು.

"ಸಾಯೋ ಗಿಡ ಮಾರಿದ್ರಲ್ಲ. ನಮ್ಮಪ್ಪನ ತೊಟ್ಟಿ ಅಂತ ಗೊತ್ತಿದ್ದೂ."

ಅವನು ಬಾಯಿ ತೆರೆಯುವಷ್ಟರಲ್ಲಿ ರಸ್ತೆ ದಾಟಿಯಾಗಿತ್ತು. ಆಮೇಲೆ ಅವನು ಬಾಗಿಲಿಗೆ ಬಂದಾಗೆಲ್ಲ ಹೊಲಿಗೆ ಮಷಿನ್ನು ಜೋರಾಗಿ ತುಳಿದಳು. ಅವನ ಮಾತು ಆ ಸದ್ದಿನಲ್ಲೇ ಮುಳುಗಿಹೋಯಿತು.

ಗುಜರಿಯವನು ಇವತ್ತು ನಾಳೆ ಅಂತ ವಾರಗಟ್ಟಲೆ ಸತಾಯಿಸಿದ. ಕೊನೆಗೂ ನಾಳೆ ಬರುವುದು ಖಾತ್ರಿ ಅಂತಾದ ದಿನ, ಆ ಅಂಗಡಿ ಮುಂದೆ ಅವಳ ಕಾಲು ನಿಂತಿತು. ಕಿಟಕಿಯ ತೊಟ್ಟಿಯಲ್ಲಿ ಒಂದೇ ಗಿಡ. ಮರದ ತುಂಡಿಗೆ ನೀಲಿ ದಾರ. ದಾರದಲ್ಲಿ ಅವಳದೇ ಗಂಟು. ಗಂಟಿನ ಪಕ್ಕ ಸುರುಳಿ ಬಿಚ್ಚುತ್ತಿದ್ದ ಎಳೆ ಎಲೆ...

ಒಳಗೆ ಹೋದಳು. "ಇದು ಸತ್ತಿತ್ತಲ್ಲ?"

"ಎಲೆ ಹೋಗಿತ್ತು, ಗೆಡ್ಡೆ ಗಟ್ಟಿಯಿತ್ತು. ಇದನ್ನ ನರ್ಸರಿಯವ್ರು ನೀರಿನ ಹೊರಗೆ ಬೆಳೆಸಿದ್ರು. ಆ ಎಲೆ ನೀರಲ್ಲಿ ಉಳಿಯಲ್ಲ. ಅದು ಕರಗಿದ್ಮೇಲೆ ನೀರಿನದೇ ಎಲೆ ಬರುತ್ತೆ."

"ಮೊದಲೇ ಬಾಯಿ ಬಿಡೋಕೆ ಏನಾಗಿತ್ತು?"

ಅವನು ಒದ್ದೆ ಕೈಯನ್ನು ಅಂಗಿಗೇ ಒರೆಸಿಕೊಂಡ. "ಹೇಳ್ಬಿಟ್ರೆ... ಎಲೆ ಹಳದಿಯಾದಾಗ ಕೇಳೋಕೆ ನೀವು ಬರ್ತಿರ್ಲಿಲ್ಲ. ಬರ್ಲಿ ಅಂತ ಸುಮ್ನಿದ್ದೆ. ಬಕೆಟ್ ಹಿಡ್ಕೊಂಡು ಬರ್ತೀರ ಅಂತ ಗೊತ್ತಿರ್ಲಿಲ್ಲ."

'ಪೆದ್ದ... ಶುದ್ಧ ಪೆದ್ದ,' ಅಂದುಕೊಂಡಳು.

"ನಾಳೆ ತೊಟ್ಟಿ ಗುಜರಿಗೆ ಹೋಗುತ್ತೆ," ಅಂದಳು.

ಅವನು ಗಿಡವನ್ನು ಬಕೆಟ್ಟಿಗಿಳಿಸಿದ. "ಈಗ್ಲೇ ನಡೀರಿ. ಅತ್ತೆಗೆ ನಾನು ಹೇಳ್ತೀನಿ."

"ಯಾರ್ರೀ ನಿಮಗೆ ಅತ್ತೆ?"

"ನೀವು ಒಪ್ಪಿದ್ರೆ... ನಿಮ್ಮಮ್ಮ."

ಅವಳು ಬಕೆಟ್ಟಿನ ಹಿಡಿಗೆ ತಾನೂ ಕೈ ಹಾಕಿದಳು. "ನಿಧಾನ ನಡೀರಿ. ನೀರು ಚೆಲ್ಲುತ್ತೆ."

ಮರುದಿನ ಅತ್ತಿಗೆ ಗುಜರಿಯವನಿಗೆ ಹಳೇ ಪೇಪರ್ ಮಾತ್ರ ಕೊಟ್ಟು ಕಳಿಸಿದರು.

ಎಲೆ ಹಳದಿಯಾಯಿತು ಅಂತ ಮಾತು ಬಿಟ್ಟವರು ನಿಮ್ಮ ಕಡೆ ಯಾರಾದರೂ ಇದ್ದರೆ ಇದನ್ನು ಅವರಿಗೂ ದಾಟಿಸಿ. ಮುದುಕ ಶುರುವಲ್ಲಿ ನಿಮ್ಮನ್ನು ಬೈದಿದ್ದನ್ನೂ ಸೇರಿಸಿ ಕಳಿಸಿ.